ಹಳೆ ಕ್ಯಾಸೆಟ್ ಇದ್ದರೆ ಭವಂತಿ ಸ್ಟ್ರೀಟಿನ ಆ ಮಹಡಿ ಹತ್ತಿ

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಯ ಹೆಸರು ಇಲ್ಲಿ ಸಿಗುವುದಿಲ್ಲ. ಬೋರ್ಡು ಯಾವುದೋ ಮಳೆಗಾಲದಲ್ಲಿ ಬಿದ್ದುಹೋಗಿದೆ, ಬೇರೆ ಹಾಕಿಸಿಲ್ಲ. ಬರೆಯುತ್ತೇನೆ ಎಂದಾಗ ಅಂಗಡಿಯವರು, "ಹೆಸರು ಮಾತ್ರ ಬೇಡ ಟೀಚರ್. ಇದ್ದ ಕೆಲಸವೇ ಮುಗಿಯುವುದಿಲ್ಲ, ಇನ್ನು ಬೆಂಗಳೂರಿನವರು ಕೊರಿಯರ್ ಮಾಡ್ಲಿಕ್ಕೆ ಶುರು ಮಾಡಿದ್ರೆ ನನ್ನ ಕಥೆ ಎಂತ?" ಎಂದರು. ಹಾಗಾಗಿ ದಾರಿ ಮಾತ್ರ. ಮಂಗಳೂರಿನ ಕಾರ್‌ಸ್ಟ್ರೀಟ್ ಕಡೆಯಿಂದ ಭವಂತಿ ಸ್ಟ್ರೀಟಿಗೆ ಬನ್ನಿ. ಕೆಳಗೆ ಸಣ್ಣ ಚಾದಂಗಡಿ, ಪಕ್ಕದಲ್ಲಿ ಮರದ ಮೆಟ್ಟಿಲು ಇರುವ ಹಂಚಿನ ಕಟ್ಟಡ. ಮೆಟ್ಟಿಲ ಬುಡದಲ್ಲಿ ನಿಂತು ಕಿವಿಗೊಡಿ. ಮೇಲಿಂದ ಚೆಂಡೆ ಕೇಳಿದರೆ ಅಂಗಡಿ ತೆರೆದಿದೆ ಎಂದೇ ಲೆಕ್ಕ.

ಅವರು ಮಾಡುವ ಕೆಲಸ ಹಳೆ ಕ್ಯಾಸೆಟ್ಟುಗಳನ್ನು ಕಂಪ್ಯೂಟರ್ ಫೈಲ್ ಮಾಡಿ ಕೊಡುವುದು. ಅದರಲ್ಲಿ ಮುಕ್ಕಾಲು ಪಾಲು ಯಕ್ಷಗಾನ, ತಾಳಮದ್ದಳೆ. ಬಯಲಾಟದ ರಂಗಸ್ಥಳದ ಎದುರು ಟೂ-ಇನ್-ವನ್ ಇಟ್ಟು ಬೆಳಗಿನವರೆಗೆ ರೆಕಾರ್ಡ್ ಮಾಡಿದವರು ನಮ್ಮ ಜಿಲ್ಲೆಯಲ್ಲಿ ಕಡಿಮೆಯೇನಲ್ಲ. ಶೇಣಿಯವರ ಅರ್ಥಗಾರಿಕೆ, ಭಾಗವತ ಕಾಳಿಂಗ ನಾವಡರ ಪದ, ಎಲ್ಲ ಚೀಲದಲ್ಲಿ ತುಂಬಿಸಿಕೊಂಡು ಬರುತ್ತಾರೆ. ಇಂಥವರ ನಡುವೆ ಕೂತು ನಾನು ಬ್ಯಾಗಿನಿಂದ ತೆಗೆದದ್ದು ಐರನ್ ಮೇಡನ್, ಇಂಗ್ಲೆಂಡಿನ ಹೆವಿ ಮೆಟಲ್ ಬ್ಯಾಂಡ್.

ಕ್ಯಾಸೆಟ್ ನನ್ನ ಚಿಕ್ಕಪ್ಪನದು. ಎಂಬತ್ತರ ದಶಕದಲ್ಲಿ ಬಹರೈನಿನಲ್ಲಿದ್ದಾಗ ರೂಮಿನವರು ಯಾರೋ ಕಾಪಿ ಮಾಡಿ ಕೊಟ್ಟದ್ದು. ಸಿ-90, ಅಂದರೆ 90 ನಿಮಿಷದ್ದು, ಮೇಲೆ ಬಾಲ್‌ಪೆನ್ನಿನಲ್ಲಿ "ಐ.ಎಂ. ಲೈವ್" ಎಂದಷ್ಟೇ ಬರೆದಿದೆ. ಯಾವ ಊರು, ಯಾವ ವರ್ಷ ಒಂದೂ ಇಲ್ಲ. ಚಿಕ್ಕಪ್ಪನನ್ನು ಕೇಳಿದರೆ, "ನನಗೆ ಅದು ಇಷ್ಟವೇ ಇರಲಿಲ್ಲ ಮಾರಾಯ್ತಿ, ಕೊಟ್ಟರು ಅಂತ ತಂದೆ" ಎಂದರು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ಅದನ್ನು ಕೇಳಿ ಕೇಳಿಯೇ ನನಗೆ ಹುಚ್ಚು ಹಿಡಿದದ್ದು. ಆಮೇಲೆ ಕಪಾಟಿನ ಮೂಲೆ ಸೇರಿತು. 2024ರ ಅಕ್ಟೋಬರಿನಲ್ಲಿ ಆ ಬ್ಯಾಂಡಿನ ಹಳೆ ಹಾಡುಗಾರ ಪಾಲ್ ಡಿ'ಆನೊ ತೀರಿಕೊಂಡ ಸುದ್ದಿ ಬಂದಾಗ ಹುಡುಕಿ ಹೊರಗೆ ತೆಗೆದೆ. ಟೇಪಿನ ಅಂಚಿಗೆಲ್ಲ ಬಿಳಿ ಬೂಸಲು. ನಮ್ಮ ಕರಾವಳಿಯ ಹವೆಗೆ ಕಾಗದವೇ ಉಳಿಯುವುದಿಲ್ಲ, ಇನ್ನು ಟೇಪಿನ ಮಾತೇನು!

ಅಂಗಡಿಯವರ ಕೈಗುಣ ಮೊದಲು ಹೇಳಬೇಕು. ಕ್ಯಾಸೆಟ್ ಕೊಟ್ಟ ಕೂಡಲೇ ಡೆಕ್ಕಿಗೆ ತುರುಕುವುದಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಳಗೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಸಣ್ಣ ಫೆಲ್ಟ್ ತುಂಡಿರುತ್ತದಲ್ಲ, ಅದು ಅಂಟು ಬಿಟ್ಟು ಉದುರಿಹೋಗಿತ್ತು. ಸ್ಕ್ರೂ ಬಿಚ್ಚಿ, ಎರಡೂ ಸುರುಳಿಗಳನ್ನು ಅಲುಗದಂತೆ ಎತ್ತಿ, ಬೇರೆ ಕ್ಯಾಸೆಟ್ಟಿನ ಖಾಲಿ ಡಬ್ಬಿಗೆ ಇಳಿಸಿದರು. ಬೂಸಲನ್ನು ಒಣ ಬಟ್ಟೆಯಲ್ಲಿ, ನಿಧಾನಕ್ಕೆ ಟೇಪ್ ಸುತ್ತಿಸುತ್ತಾ ತೆಗೆದರು. ಸಿ-90ರ ಟೇಪು ಸಿ-60ಕ್ಕಿಂತ ತೆಳು, ಅವಸರ ಮಾಡಿದರೆ ಎಳೆದುಹೋಗುತ್ತದೆ. ಆಮೇಲೆ ಹೆಡ್ಡಿನ ಓರೆ ಸರಿಮಾಡುವ ಕೆಲಸ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಯಾವ ಕೋನದಲ್ಲಿತ್ತೋ ಅದೇ ಕೋನಕ್ಕೆ ಇದನ್ನೂ ತಿರುಗಿಸದಿದ್ದರೆ ತಾಳ, ಸಿಂಬಲ್ ಮುಂತಾದ ಸಪೂರ ಸದ್ದುಗಳೆಲ್ಲ ಕಂಬಳಿ ಹೊದ್ದುಕೊಂಡು ಮಲಗುತ್ತವೆ. ಸಣ್ಣ ಸ್ಕ್ರೂಡ್ರೈವರ್ ಹಿಡಿದು, ಎರಡೂ ಚಾನೆಲ್ ಕೂಡಿಸಿ ಕೇಳುತ್ತಾ, ಒಂದಿಷ್ಟು ಆಚೆ ಒಂದಿಷ್ಟು ಈಚೆ ತಿರುಗಿಸಿದರು. ಇದ್ದಕ್ಕಿದ್ದಂತೆ ಡ್ರಮ್ಮಿನ ಪಕ್ಕದಲ್ಲಿ ಯಾರೋ ಸೀಟಿ ಹೊಡೆದದ್ದು ಕೇಳಿತು. ಅಷ್ಟು ಸಲ ಆ ಕ್ಯಾಸೆಟ್ ಕೇಳಿದ್ದೇನೆ, ಆ ಸೀಟಿ ನನಗೆ ಗೊತ್ತೇ ಇರಲಿಲ್ಲ.

ಈ ಸೀಟಿಗೋಸ್ಕರವೇ ನಾನು ಈ ಅಂಗಡಿಯನ್ನು ಶಿಫಾರಸು ಮಾಡುವುದು. ಕೆಲಸ ಶುರು ಮಾಡುವ ಮೊದಲು ಅವರು ಒಂದೇ ಪ್ರಶ್ನೆ ಕೇಳುತ್ತಾರೆ: "ಗೌಜಿ ಬೇಕಾ, ಬೇಡವಾ?" ಗೌಜಿ ಎಂದರೆ ಜನರ ಬೊಬ್ಬೆ, ಟೇಪಿನ ಗುಂಯ್ ಎಲ್ಲ. ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ತಮ್ಮ ಹಳೆ ಟೇಪನ್ನು ಬೇರೊಂದು ಕಡೆ ಕೊಟ್ಟಿದ್ದರು. ಅಲ್ಲಿ ಕೇಳದೆಯೇ ಕಂಪ್ಯೂಟರಿನಲ್ಲಿ ‘ಕ್ಲೀನ್’ ಮಾಡಿ ಕೊಟ್ಟಿದ್ದರು. ಗುಂಯ್ ಎನ್ನುವ ಸದ್ದು ಹೋಯಿತು, ಜೊತೆಗೆ ಜನರೂ ಹೋದರು. ಹಾಡುವವನು ಬಾವಿಯೊಳಗೆ ನಿಂತು ಹಾಡಿದ ಹಾಗೆ, ಚಪ್ಪಾಳೆ ಜಾಗದಲ್ಲಿ ಬುಳುಬುಳು. ಸ್ಟುಡಿಯೋ ಹಾಡಾದರೆ ಹಾಗೆ ಮಾಡಲಿ. ಲೈವ್ ಟೇಪಿನಲ್ಲಿ ಬೊಬ್ಬೆ ತೆಗೆದರೆ ಉಳಿಯುವುದು ಎಂತ?

ಇನ್ನು ಶನಿವಾರ ಸಂಜೆಯ ಮಾತು. ಕ್ಯಾಸೆಟ್ ಪ್ಲೇ ಆಗುವಷ್ಟು ಹೊತ್ತು ಯಂತ್ರ ಓಡಲೇಬೇಕು, 90 ನಿಮಿಷದ್ದಕ್ಕೆ 90 ನಿಮಿಷ. ಅಷ್ಟೂ ಹೊತ್ತು ಸ್ಪೀಕರ್ ಹಾಕಿರುತ್ತಾರೆ. ಮೇಡನ್ ಸದ್ದು ಮೆಟ್ಟಿಲಿಳಿದು ಚಾದಂಗಡಿಗೆ ಮುಟ್ಟಿದ್ದೇ ತಡ, ಒಬ್ಬೊಬ್ಬರೇ ಹತ್ತಿ ಬಂದರು. ಸುರತ್ಕಲ್ ಎನ್‌ಐಟಿಕೆಯ ಹುಡುಗನೊಬ್ಬ, ಅಜ್ಜನ ತಾಳಮದ್ದಳೆ ಕ್ಯಾಸೆಟ್ ಕೊಡಲು ಬಂದವನು. ಬೆಂದೂರಿನ ಗಿಟಾರ್ ಮೇಷ್ಟ್ರು. ಹಡಗಿನಲ್ಲಿ ಕೆಲಸ ಮಾಡಿ ನಿವೃತ್ತರಾದ ಒಬ್ಬ ಅಂಕಲ್. ಅಲ್ಲಿಂದ ಪ್ರತಿ ಶನಿವಾರ ಇದೇ ಪಂಚಾಯಿತಿ: ಈ ಟೇಪು ಎಲ್ಲಿಯದು?

ಹುಡುಗ ಮೊದಲ ಹಾಡು ಕೇಳಿ "ಡಿ'ಆನೊ" ಎಂದ. ಸರಿಯೇ. ಒರಟು ಗಂಟಲು, ರಸ್ತೆಯಲ್ಲಿ ಜಗಳಕ್ಕೆ ನಿಂತವನ ದನಿ. ಆದರೆ ಎರಡನೇ ಬದಿಯ ಕೊನೆ ಬರುವಾಗ ಗಿಟಾರ್ ಮೇಷ್ಟ್ರು, "ಇದು ಅವನಲ್ಲ, ಬ್ರೂಸ್ ಡಿಕಿನ್‌ಸನ್. ಇಷ್ಟು ಮೇಲೆ ಡಿ'ಆನೊ ಹೋಗುವುದಿಲ್ಲ" ಎಂದು ಹಟ ಹಿಡಿದರು. ಡಿ'ಆನೊ ಜಾಗಕ್ಕೆ ಬ್ರೂಸ್ ಬ್ಯಾಂಡಿಗೆ ಬಂದದ್ದು 1981ರಲ್ಲಿ. ಹಾಗಾದರೆ ಎರಡು ಬೇರೆ ಬೇರೆ ಕಾರ್ಯಕ್ರಮ ಜೋಡಿಸಿದ ಟೇಪೇ? ಅರ್ಧ ಗಂಟೆ ವಾದ ನಡೆಯಿತು.

ಅಂಗಡಿಯವರಿಗೆ ಮೇಡನ್ ಯಾರೆಂದು ಗೊತ್ತಿಲ್ಲ. ಅವರು ಕೇಳಿದ್ದು ಇಷ್ಟೇ: "ಇವರ ಶ್ರುತಿ ಎಷ್ಟು ಟೀಚರ್?" ಯಕ್ಷಗಾನದ ಟೇಪುಗಳ ವೇಗ ಅವರು ಸರಿಮಾಡುವುದೇ ಹಾಗೆ. ಭಾಗವತರು ಕಪ್ಪು ಎರಡರಲ್ಲಿ ಹಾಡುವವರೋ ಮೂರರಲ್ಲೋ ಗೊತ್ತಿದ್ದರೆ ಶ್ರುತಿಪೆಟ್ಟಿಗೆಯ ದನಿ ಹಿಡಿದು ವೇಗ ಹೊಂದಿಸುತ್ತಾರೆ. ಇಲ್ಲಿ ಶ್ರುತಿಪೆಟ್ಟಿಗೆ ಇಲ್ಲ, ಗಿಟಾರಿನ ದಪ್ಪ ತಂತಿ ಉಂಟು. ಅದು ಇ ಸ್ವರ, 82.4 ಹರ್ಟ್ಸ್ ಇರಬೇಕು. ಟೇಪಿನ ಮೊದಲ ಹಾಡಿನಲ್ಲಿ ಸರಿಯಾಗಿ ಅಷ್ಟೇ ಇತ್ತು. ಕೊನೆಯ ಹಾಡಿನಲ್ಲಿ 87ರ ಆಸುಪಾಸು, ಅಂದರೆ ಒಂದು ಮನೆ (ಅರ್ಧ ಸ್ವರ) ಮೇಲೆ. ನಡುವೆ ನಿಧಾನವಾಗಿ ಏರುತ್ತಾ ಹೋಗಿದೆ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವವಳು, ಇಷ್ಟು ಸಿಕ್ಕಿದರೆ ಬಿಡುತ್ತೇನೆಯೇ? ಜನರ ನಡುವೆ ನಿಂತು ರೆಕಾರ್ಡ್ ಮಾಡಿದವನ ಯಂತ್ರದ ಬ್ಯಾಟರಿ ಇಳಿಯುತ್ತಾ ಬಂದಿದೆ. ಬ್ಯಾಟರಿ ಇಳಿದರೆ ಟೇಪ್ ನಿಧಾನ ಓಡುತ್ತದೆ. ನಿಧಾನ ಓಡಿದ ಟೇಪನ್ನು ಸರಿಯಾದ ವೇಗದಲ್ಲಿ ಕೇಳಿದರೆ ದನಿ ಮೇಲೇರುತ್ತದೆ. ಬ್ಯಾಟರಿ ಮುಗಿದ ಹಾಗೆ ಡಿ'ಆನೊ ಬ್ರೂಸ್ ಆಗುತ್ತಾ ಹೋಗಿದ್ದಾನೆ, ಅಷ್ಟೆ. ಅಂಗಡಿಯವರು ಹಾಡಿನಿಂದ ಹಾಡಿಗೆ ವೇಗ ತಗ್ಗಿಸಿ ಮತ್ತೆ ಕೇಳಿಸಿದಾಗ ಕೊನೆಯ ಹಾಡಿನಲ್ಲೂ ಅದೇ ಒರಟು ಗಂಟಲು. ಮೇಷ್ಟ್ರು ತುಟಿಪಿಟಕ್ಕೆನ್ನದೆ ಚಾ ಕುಡಿದರು. ಈ ಕೆಲಸಕ್ಕೆ ಅಂಗಡಿಯವರು ಬೇರೆ ಚಾರ್ಜ್ ಮಾಡುತ್ತಾರೆ, ಮಾಡಲಿ. ಇದನ್ನು ಇಷ್ಟು ತಾಳ್ಮೆಯಿಂದ ಮಾಡುವ ಇನ್ನೊಬ್ಬರನ್ನು ನಾನು ಮಂಗಳೂರಿನಲ್ಲಿ ಕಂಡಿಲ್ಲ.

ಹುಡುಗ ಮರುವಾರ ಹೊಸ ವಾದ ತಂದ: ಇದು ಜಪಾನಿನ ರೆಕಾರ್ಡಿಂಗ್. 1981ರ ಮೇ 23ರಂದು ನಗೋಯಾದಲ್ಲಿ ರೆಕಾರ್ಡ್ ಮಾಡಿದ ಲೈವ್ ಹಾಡುಗಳನ್ನು ಬ್ಯಾಂಡೇ ಬಿಡುಗಡೆ ಮಾಡಿದೆ, ಅದೇ ಕಾರ್ಯಕ್ರಮ ಇರಬಹುದು ಎಂದ. ಹಾಡು ಹಾಡಿನ ನಡುವೆ ಸ್ಪೀಕರಿನ ಗುಂಯ್ ಸದ್ದು ಉಂಟಲ್ಲ, ಕರೆಂಟಿನದು, ಅದನ್ನು ಅಳೆದು ನೋಡಿದೆವು. ಶ್ರುತಿ ಸರಿಯಿರುವ ಜಾಗದಲ್ಲಿ ಅದು 50 ಹರ್ಟ್ಸ್. ನಗೋಯಾದ ಕರೆಂಟು 60. ಇಂಗ್ಲೆಂಡ್, ಯುರೋಪ್ ಎಲ್ಲ 50. ಹುಡುಗನ ಜಪಾನ್ ಅಲ್ಲಿಗೆ ಮುಳುಗಿತು. ನೋಡಿ, ಗೌಜಿ ತೊಳೆದುಕೊಡುವವರಲ್ಲಿ ಕೊಟ್ಟಿದ್ದರೆ ಮೊದಲು ಹೋಗುತ್ತಿದ್ದದ್ದು ಇದೇ ಗುಂಯ್.

ವರ್ಷದ ಲೆಕ್ಕ ಇನ್ನೂ ಗೋಜಲು. ಎರಡನೇ ಆಲ್ಬಮ್ಮಿನ ಹಾಡುಗಳಿವೆ, ಆಲ್ಬಮ್ ಬಂದದ್ದು 1981ರ ಫೆಬ್ರವರಿ, ಆದ್ದರಿಂದ ಟೇಪು ಆಮೇಲಿನದು ಎಂದು ಮೇಷ್ಟ್ರು. ಅದು ನಿಲ್ಲುವ ವಾದವಲ್ಲ. ಆ ಆಲ್ಬಮ್ಮಿನ ಹಾಡುಗಳಲ್ಲಿ ಹೆಚ್ಚಿನವು ಬ್ಯಾಂಡ್ ಕಟ್ಟಿದ ಸ್ಟೀವ್ ಹ್ಯಾರಿಸ್ ಮೊದಲ ಆಲ್ಬಮ್ಮಿಗೂ ಮುಂಚೆ, ಪೂರ್ವ ಲಂಡನ್ನಿನ ಪಬ್ಬುಗಳಲ್ಲಿ ನುಡಿಸುತ್ತಿದ್ದ ಕಾಲದವು. ಆಲ್ಬಮ್ಮಿಗೋಸ್ಕರ ಹೊಸದಾಗಿ ಕಟ್ಟಿದ್ದು ಎರಡೇ. ಅದರಲ್ಲಿ ಒಂದು, ಎಡ್ಗರ್ ಅಲನ್ ಪೋನ ಕಥೆಯ ಹೆಸರಿರುವುದು, ನಮ್ಮ ಟೇಪಿನಲ್ಲಿದೆ. ಹಾಗಾಗಿ 1980ರ ಕೊನೆಗಿಂತ ಹಿಂದೆ ಹೋಗಲಿಕ್ಕಿಲ್ಲ, ಡಿ'ಆನೊ ಬಿಟ್ಟು ಹೋದ 1981ರ ಶರತ್ಕಾಲಕ್ಕಿಂತ ಮುಂದೆಯೂ ಇಲ್ಲ. 1980ರ ಡಿಸೆಂಬರ್ 21ರ ಲಂಡನ್ ರೇನ್‌ಬೋ ಥಿಯೇಟರಿನದು ವೀಡಿಯೊ ಆಗಿ ಬಂದಿದೆ, ಅದರ ಜೊತೆ ಹೋಲಿಸಿದೆವು. ನಡುವಿನ ಮಾತುಗಳು ತಾಳೆಯಾಗಲಿಲ್ಲ. ಅಂಗಡಿಯವರು ಫೈಲಿಗೆ ಹಾಕಿದ ಹೆಸರು: "ಐರನ್ ಮೇಡನ್, ಜಾಗ ಗೊತ್ತಿಲ್ಲ, 80 ಕೊನೆ ಅಥವಾ 81". ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವವರ ಮೇಲೆ ನನಗೆ ಗೌರವ ಜಾಸ್ತಿ.

ಹಡಗಿನ ಅಂಕಲ್ ಮಾತ್ರ ಇದ್ಯಾವುದಕ್ಕೂ ಸೊಪ್ಪು ಹಾಕುವುದಿಲ್ಲ. ಅವರ ಪ್ರಕಾರ ಅವರು ಮೇಡನ್ನನ್ನು ಕಣ್ಣಾರೆ ನೋಡಿದ್ದಾರೆ, ಹಡಗು ಟಿಲ್‌ಬರಿ ಬಂದರಿಗೆ ಕಟ್ಟಿದ್ದಾಗ, ಲಂಡನ್ನಿನ ಈಸ್ಟ್ ಹ್ಯಾಮಿನ ರಸ್ಕಿನ್ ಆರ್ಮ್ಸ್ ಪಬ್ಬಿನಲ್ಲಿ. ಇನ್ನೊಂದು ಶನಿವಾರ ಅದು ಮಾರ್ಕೀ ಕ್ಲಬ್ ಆಯಿತು. ಹುಡುಗ ಬಿಡುತ್ತಾನೆಯೇ, "ಹಾಡುವವನು ಹೇಗಿದ್ದ ಅಂಕಲ್?" ಎಂದು ಕೇಳಿದ. "ಉದ್ದ ಕೂದಲು, ಸೊಂಟದವರೆಗೆ." "ಡಿ'ಆನೊಗೆ ಗಿಡ್ಡ ಕೂದಲು!" ಅಂಕಲ್ ಗೋಳಿಬಜೆ ಚಟ್ನಿಗೆ ಅದ್ದಿಕೊಂಡು, "ಹಾಗಾದರೆ ನಾನು ಗಿಟಾರಿನವನನ್ನು ನೋಡ್ತಾ ಇದ್ದೆ. ನೀನು ಆಗ ಹುಟ್ಟಿಯೇ ಇರಲಿಲ್ಲ ಮಾರಾಯ" ಎಂದರು.

ಆದರೆ ಅದೇ ಅಂಕಲ್ ವೇದಿಕೆಯ ಹಿಂದಿನ ಮುಖವಾಡದ ಬಗ್ಗೆ ಹೇಳಲು ಕೂತರೆ ಎಲ್ಲರೂ ಸುಮ್ಮನಾಗುತ್ತೇವೆ. ಮೇಡನ್ ಎಂದರೆ ಇವತ್ತು ಎಲ್ಲರಿಗೂ ಗೊತ್ತಿರುವ ಎಡ್ಡಿ ಎಂಬ ಬ್ಯಾಂಡಿನ ಲಾಂಛನ ಹುಟ್ಟಿದ್ದು ಆ ಮುಖವಾಡದಿಂದ. ಮೊದಲಿಗೆ ಅದು ಹಿಂದಿನ ಪರದೆಯ ಮೇಲೆ ನೇತುಹಾಕಿದ ಬರೀ ಒಂದು ಮುಖ. ಲೈಟಿನವನಾಗಿದ್ದ ಡೇವ್ ಬೀಸ್ಲಿ ಮೀನಿನ ತೊಟ್ಟಿಯ ಪಂಪು ಜೋಡಿಸಿ ಅದರ ಬಾಯಿಂದ ಕೆಂಪು ಬಣ್ಣ ಚಿಮ್ಮಿಸುತ್ತಿದ್ದ. ಕೆಳಗೆ ಕೂತ ಡ್ರಮ್ಮರ್ ಡಗ್ ಸ್ಯಾಂಪ್ಸನ್ ಪೂರ್ತಿ ಕೆಂಪು. ಆಮೇಲೆ ದೊಡ್ಡ ಫೈಬರ್ ಮುಖ ಬಂತು, ಕಣ್ಣು ಮಿಣುಕುವುದು, ಬಾಯಿಂದ ಕೆಂಪು ಹೊಗೆ. ಅಂಕಲ್ ಹೇಳುವುದು ಹೊಗೆಯ ವಾಸನೆ, ಬಿಯರ್ ಚೆಲ್ಲಿ ಚಪ್ಪಲಿಗೆ ಅಂಟುವ ನೆಲ, ತಲೆಗೆ ತಾಗುವಷ್ಟು ತಗ್ಗಿನ ಮಾಡು. ಇದನ್ನು ಕೇಳಿ ಅಂಗಡಿಯವರು ಮೊದಲ ಬಾರಿಗೆ ಕುರ್ಚಿ ನಮ್ಮ ಕಡೆ ತಿರುಗಿಸಿದರು. "ಹಾಗೆ ಹೇಳಿ! ಇದು ಬಣ್ಣದ ವೇಷ. ದೊಂದಿಗೆ ರಾಳ ಎರಚಿಕೊಂಡು ಮಹಿಷಾಸುರ ಬರುವುದಿಲ್ಲವಾ, ಅದೇ." ಅಲ್ಲಿಂದ ಅವರೂ ಅಭಿಮಾನಿ. ಈಗ ಮೇಡನ್ ಹಾಕಿದರೆ ವಾಲ್ಯೂಮ್ ಏರಿಸುವವರು ಅವರೇ.

ಅವರಿಗೆ ಅರಗದೆ ಉಳಿದದ್ದು ಒಂದೇ ಸಂಗತಿ. 1978ರ ಕೊನೆಗೆ ಮೇಡನ್‌ನವರು ಕೇಂಬ್ರಿಜ್‌ನ ಸ್ಪೇಸ್‌ವರ್ಡ್ ಸ್ಟುಡಿಯೋದಲ್ಲಿ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಮೂಲ ಟೇಪು ಕೊಳ್ಳಲು ಆಗ ಕೈಯಲ್ಲಿ ಹಣವಿರಲಿಲ್ಲ. ಎರಡು ವಾರ ಬಿಟ್ಟು ಹೋದರೆ ಸ್ಟುಡಿಯೋದವರು ಅದನ್ನು ಅಳಿಸಿಬಿಟ್ಟಿದ್ದರು. ಉಳಿದ ಕಾಪಿಯಿಂದಲೇ ಮೂರು ಹಾಡು 1979ರಲ್ಲಿ 5000 ರೆಕಾರ್ಡುಗಳಾಗಿ ಬಂದದ್ದು. "ಅಳಿಸಿದ್ದಾ? ಕೇಳದೆಯಾ?" ಎಂದು ಅವರು ಎದ್ದೇ ನಿಂತರು. ಬಂದ ಪ್ರತಿ ಟೇಪಿನ ಒಂದು ಕಾಪಿ ತಮ್ಮ ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಳ್ಳುವ ಮನುಷ್ಯ ಅವರು. ಬೇಡವೆಂದರೆ ಅಳಿಸುತ್ತಾರೆ, ಆದರೆ ಮುಖ ಸಪ್ಪೆ ಮಾಡಿಕೊಂಡು. ಮನೆಯವರ ಮಾತುಕತೆ ಇರುವ ಟೇಪಾದರೆ ಇದನ್ನು ಮೊದಲೇ ಹೇಳಿಬಿಡಿ.

ನಮ್ಮ ಪಾಲಿಗೆ ಮೇಡನ್ನಿನ ‘ಮೊದಲ ಶೋ’ ಎಂದರೆ 2007ರ ಮಾರ್ಚ್ 17, ಬೆಂಗಳೂರಿನ ಅರಮನೆ ಮೈದಾನ. ಗಿಟಾರ್ ಮೇಷ್ಟ್ರೂ ಅಲ್ಲಿದ್ದರಂತೆ, ನನಗೆ ಆಗ ಗೊತ್ತಿರಲಿಲ್ಲ. ಮೊದಲು ದಿಲ್ಲಿಯ ಪರಿಕ್ರಮ ಬ್ಯಾಂಡ್, ಸ್ಟೀವ್ ಹ್ಯಾರಿಸನ ಮಗಳು ಲಾರೆನ್ ಎಲ್ಲ ಹಾಡಿದರು. ಮೇಷ್ಟ್ರ ಕಥೆಯಲ್ಲಿ ಅವರು ವೇದಿಕೆಗೆ ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ. ಎಲ್ಲರ ಕಥೆಯಲ್ಲೂ ಹಾಗೆಯೇ, ಹಿಂದೆ ನಿಂತವರನ್ನು ನಾನು ಇದುವರೆಗೆ ಕಂಡಿಲ್ಲ. ನಾನು ಹಿಂದೆ ನಿಂತಿದ್ದೆ. ಹುಡುಗಿಯರು ಬೆರಳೆಣಿಕೆಯಷ್ಟು, ನೂಕುನುಗ್ಗಲಿನಲ್ಲಿ ಒಂದು ಚಪ್ಪಲಿ ಹೋಯಿತು. ಆಗ ಮಂಗಳೂರಿಗೆ ರಾತ್ರಿ ರೈಲು ಇರಲಿಲ್ಲ, ಶಿರಾಡಿ ಘಾಟಿಯ ಬಸ್ಸೇ ಗತಿ. ಅದೇ ರಾತ್ರಿ ವಿಶ್ವಕಪ್ಪಿನಲ್ಲಿ ಭಾರತ ಬಾಂಗ್ಲಾದೇಶಕ್ಕೆ ಸೋತಿತು. ಹಾಸನದ ಹತ್ತಿರ ಬಸ್ಸು ನಿಂತಾಗ ಇಡೀ ಬಸ್ಸು ಸಾವಿನ ಮನೆ. ಕರಿ ಟೀಶರ್ಟ್ ಹಾಕಿ, ಗಂಟಲು ಬಿದ್ದು, ಒಂದು ಕಾಲಿಗೆ ಚಪ್ಪಲಿಯಿಲ್ಲದೆ ನಗುತ್ತಾ ಕೂತಿದ್ದ ನನ್ನನ್ನು ಪಕ್ಕದ ಹೆಂಗಸು ನೋಡಿದ ನೋಟ ಈಗಲೂ ನೆನಪಿದೆ. ಈ ಕಥೆಯನ್ನು ಅಂಗಡಿಯಲ್ಲಿ ಕೇಳಿದವರೇ ಮತ್ತೆ ಹೇಳಿಸಿದರು. ಅಂಕಲ್‌ಗೆ ಚಪ್ಪಲಿ ಭಾಗ ಇಷ್ಟ.

ಇನ್ನು ದೂರುಗಳು. ಫೋನ್ ಎತ್ತುವುದಿಲ್ಲ, ಎತ್ತಿದರೂ ಚೆಂಡೆ ಸದ್ದಿನಲ್ಲಿ ಕೇಳುವುದಿಲ್ಲ. "ಬರುವ ವಾರ" ಎಂದರೆ ಮುಂದಿನ ತಿಂಗಳು ಎಂದು ತಿಳಿಯಿರಿ. ಇದಕ್ಕೆ ಅರ್ಧ ಕಾರಣ ನಮ್ಮಂಥವರ ಪಟ್ಟಾಂಗ ಎಂಬುದು ನಿಜ, ಆದರೆ ಆಟದ ಟೇಪು ಕೊಟ್ಟು ಕಾಯುವ ಹಿರಿಯರಿಗೆ ಅದರಿಂದ ಎಂತ ಸಮಾಧಾನ? ಮೆಟ್ಟಿಲು ಕಡಿದು, ಹಿಡಿಯಲು ಹಗ್ಗ ಮಾತ್ರ. ಮೊಣಕಾಲು ನೋವಿದ್ದವರು ಚಾದಂಗಡಿಯಲ್ಲಿ ಕೊಟ್ಟರೆ ಮೇಲೆ ಮುಟ್ಟಿಸುತ್ತಾರೆ. ಬಿಲ್ ಕೊಡುವುದಿಲ್ಲ, ಹಳೆ ಕ್ಯಾಲೆಂಡರಿನ ಹಿಂದೆ ಬರೆದುಕೊಳ್ಳುತ್ತಾರೆ. ವೀಡಿಯೊ ಕ್ಯಾಸೆಟ್, ದೊಡ್ಡ ಸ್ಪೂಲ್ ತೆಗೆದುಕೊಳ್ಳುವುದಿಲ್ಲ.

ರೇಟು: 60 ನಿಮಿಷದ್ದಕ್ಕೆ 250 ರೂಪಾಯಿ, 90ರದ್ದಕ್ಕೆ 350. ಡಬ್ಬಿ ಬದಲಿಸಿ ಬೂಸಲು ತೆಗೆಯಬೇಕಾದರೆ ಮೇಲೆ 100. ಹಾಡಿನಿಂದ ಹಾಡಿಗೆ ವೇಗ ಸರಿಮಾಡುವುದಕ್ಕೆ ನನ್ನಿಂದ 400 ತೆಗೆದುಕೊಂಡರು. ವೇವ್ ಫೈಲ್, ಎಂಪಿ3 ಎರಡೂ ಕೊಡುತ್ತಾರೆ, ಪೆನ್‌ಡ್ರೈವ್ ನಿಮ್ಮದೇ ತರಬೇಕು. ಮೂಲ ಕ್ಯಾಸೆಟ್ಟನ್ನು ಕಾಗದದ ಲಕೋಟೆಯಲ್ಲಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿ ವಾಪಸ್ ಕೊಡುತ್ತಾರೆ.

ಆಟಿ ತಿಂಗಳಲ್ಲಿ ಹೋಗಬೇಡಿ, ಮಳೆ ಬಿಡುವವರೆಗೆ ಅವರು ಬೂಸಲು ಹಿಡಿದ ಡಬ್ಬಿ ಬಿಚ್ಚುವುದಿಲ್ಲ. ದೀಪಾವಳಿ ಕಳೆದ ಮೇಲೆ ಒಳ್ಳೆಯದು. ಶನಿವಾರ ಸಂಜೆ ಹೋಗುವುದಾದರೆ ಗೋಳಿಬಜೆಗೆ ಚಿಲ್ಲರೆ ಇಟ್ಟುಕೊಳ್ಳಿ. ಕೆಳಗಿನ ಚಾದಂಗಡಿಯಲ್ಲಿ ಮೊಬೈಲ್ ಪೇಮೆಂಟ್ ನಡೆಯುವುದಿಲ್ಲ, ಹಡಗಿನ ಅಂಕಲ್ ಪರ್ಸ್ ತರುವುದಿಲ್ಲ.